ಪೊರಕೆ ಮತ್ತು ದುಬೈ ವಿಮಾನ

ಬೆಕ್ಕು ಅಡ್ಡ ಬಂದರೆ, ಪಾಪ ಅದಕ್ಕೂ ಏನೋ ಕೆಲಸವಿರಬೇಕು ಎಂದು ದಾರಿ ಬಿಡುವವನು ನಾನು. ಔರಾದಿನ ಶಾಲೆಯಲ್ಲಿ ಭೂಗೋಳ ಕಲಿಸುವ ಮಾಸ್ತರ. ಶಕುನ ಗಿಕುನ ಎಂದರೆ ನಗು ಬರುತ್ತಿತ್ತು. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಬಾವಿಗಳೆಲ್ಲ ಬತ್ತಿ, ಜನ ಗಂಟುಮೂಟೆ ಕಟ್ಟಿಕೊಂಡು ಪುಣೆ, ಹೈದರಾಬಾದಿಗೆ ಹೋಗುತ್ತಿದ್ದ ವರ್ಷ ಅದು. ನನ್ನ ಅಕ್ಕನ ಗಂಡ ಭೀಮರಾವ್ ಭಾವನದು ಭಾಲ್ಕಿಯಲ್ಲಿ ಪಂಪ್ ರಿಪೇರಿ ಅಂಗಡಿ. ನೀರೇ ಇಲ್ಲದ ಮೇಲೆ ಪಂಪ್ ಕೆಡುವುದಾದರೂ ಹೇಗೆ? ಕೊನೆಗೆ ಅವರಿಗೆ ನೀರಿನ ಪಂಪಿನ ಕೆಲಸ ಸಿಕ್ಕಿದ್ದು ದುಬೈ ಮರಳುಗಾಡಿನಲ್ಲಿ! ಹೇಳಿದ ದಿನ ಸಂಜೆಯೊಳಗೆ ಹಾಜರಾಗದಿದ್ದರೆ ಆ ಕೆಲಸ ಬೇರೆಯವರಿಗೆ ಎಂದು ಏಜೆಂಟ್ ಖಡಾಖಂಡಿತವಾಗಿ ಹೇಳಿದ್ದ.

ಭಾವನನ್ನು ಬೀಳ್ಕೊಡಲು ಚಿಂತಾಕಿ, ಡಾಬಕಾ ಹಳ್ಳಿಗಳಿಂದ ಬಂದ ನೆಂಟರು ಅಕ್ಕನ ಮನೆ ತುಂಬ ಶೇಂಗಾ ಸಿಪ್ಪೆ ಚೆಲ್ಲಿ ಹೋಗಿದ್ದರು. ಆದರೂ ಅಕ್ಕನ ಅತ್ತೆ ರುಕ್ಮಾಬಾಯಿ ಪೊರಕೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ. ಮನೆಯಿಂದ ಹೊರಟವರು ಹೋಗುವಲ್ಲಿಗೆ ಹೋಗಿ ಮುಟ್ಟುವ ತನಕ ಕಸ ಗುಡಿಸಬಾರದು; ಅದು ನಮ್ಮ ಕಡೆಯ ಪದ್ಧತಿ.

“ಮಾಸ್ತರ, ವಿಮಾನ ಯಾವಾಗ ಮುಟ್ತದರಿ?” ಎಂದು ಅವರು, ಭಾವ ಹೊರಟ ಮರುದಿನ ಬೆಳಿಗ್ಗೆ, ಅಲ್ಲೇ ಉಳಿದಿದ್ದ ನನ್ನನ್ನು ಕೇಳಿದರು.

ನಾನು ಚೀಲದಿಂದ ಅಟ್ಲಾಸ್ ತೆಗೆದು, ಹೈದರಾಬಾದಿನಿಂದ ದುಬೈವರೆಗೆ ದಾರ ಹಿಡಿದು ಅಳೆದೆ. ಸುಮಾರು ಎರಡೂವರೆ ಸಾವಿರ ಕಿಲೋಮೀಟರು, ನಾಲ್ಕು ತಾಸಿನ ಹಾರಾಟ. ಬೆಳಿಗ್ಗೆ ಒಂಬತ್ತಕ್ಕೆ ಹಾರಿದ್ದು ನಮ್ಮ ಗಡಿಯಾರದಲ್ಲಿ ಒಂದಕ್ಕೆ ಇಳಿಯಲೇಬೇಕು. ಇಳಿದ ಕೂಡಲೇ ಫೋನ್ ಮಾಡುತ್ತೇನೆಂದು ಭಾವ ಹೇಳಿದ್ದರು. ಫೋನ್ ಬರಲಿ ಎಂದರು ಮುದುಕಿ. ಲೆಕ್ಕ ಕೈಯಲ್ಲಿರುವಾಗ ಫೋನ್ ಯಾಕೆ? ಗಡಿಯಾರ ಒಂದು ಹೊಡೆದದ್ದೇ ತಡ, ನಾನೇ ಪೊರಕೆ ಹಿಡಿದು ಪಡಸಾಲೆ ಗುಡಿಸಿದೆ. ಧೂಳಿಗೆ ಬಂದ ಕೆಮ್ಮು ನಿಂತ ಮೇಲೆ ಒಳಕೋಣೆಯನ್ನೂ ಗುಡಿಸಿದೆ.

ಎರಡಾಯಿತು, ಫೋನ್ ಇಲ್ಲ. ನಾವು ಹಚ್ಚಿದರೆ ಸ್ವಿಚ್ ಆಫ್. ಅಕ್ಕ ಅಳಲು ಶುರು ಮಾಡಿದಳು. ನಾನು ಮತ್ತೊಮ್ಮೆ ಅಟ್ಲಾಸಿನ ಮೇಲೆ ದಾರ ಹಿಡಿದೆ. ರುಕ್ಮಾಬಾಯಿ ಎದ್ದು, ನಾನು ಅಂಗಳದ ಮೂಲೆಗೆ ತಳ್ಳಿದ್ದ ಕಸವನ್ನೆಲ್ಲ ಬುಟ್ಟಿಗೆ ತುಂಬಿ ತಂದು, ಬೀಜ ಬಿತ್ತುವಷ್ಟು ಶ್ರದ್ಧೆಯಿಂದ ಎರಡೂ ಕಡೆ ಮತ್ತೆ ಚೆಲ್ಲಿದರು. ನನ್ನ ತಲೆಯ ಮೇಲೂ ಒಂದಿಷ್ಟು ಬಿತ್ತು. ಬೇಕೆಂದೇ ಹಾಕಿದರೋ ಏನೋ.

“ನಿಮ್ಮ ದಾರ ನಿಮ್ಮ ಸಾಲ್ಯಾಗ ಇಟ್ಕೋರಿ,” ಎಂದರು.

ಬುಟ್ಟಿ ಇಟ್ಟು, ಕೈಕಾಲು ತೊಳೆದು ಅವರು ಕೂರುವುದರೊಳಗೆ ಫೋನ್ ಬಂತು. ಭಾವನೇ!

“ಈಗ ಇಳಿದೇನ್ರಿ ಮಾಸ್ತರ. ಇನ್ನೇನು ನೆಲ ಮುಟ್ಟಬೇಕು, ಅಷ್ಟರಾಗ ಎಲ್ಲಿತ್ತೋ ಏನೋ, ಧೂಳೆದ್ದು ಬಂತ್ರಿ. ಎರಡು ಸಲ ಕೆಳಗ ಬಂದು ಎರಡು ಸಲ ಮ್ಯಾಲ ಎದ್ದಿವಿ. ಆಮ್ಯಾಲ ಒಮ್ಮಿಗೇ ಎಲ್ಲಾ ಸಾಫ್! ಡ್ಯೂಟಿಗಿ ಮುಟ್ತೇನಿ, ನಿಮ್ಮಕ್ಕಗ ಹೇಳ್ರಿ.”

ಅಕ್ಕ ಅಳುತ್ತಲೇ ನಕ್ಕಳು. ನನಗೆ ನಗು ಬರಲಿಲ್ಲ.

ಮರಳುಗಾಡಿನಲ್ಲಿ ಧೂಳು ಏಳುವುದು ಸಹಜ. ಅದನ್ನು ನಾನೇ ವರ್ಷವೂ ಪಾಠ ಮಾಡುತ್ತೇನೆ. ನಾನು ಎರಡು ಕೋಣೆ ಗುಡಿಸಿದರೆ ಅಲ್ಲಿ ಎರಡು ಸಲ ಯಾಕೆ ಎಂಬುದು ಮಾತ್ರ ಯಾವ ಪಾಠದಲ್ಲೂ ಇಲ್ಲ. ಇವತ್ತಿಗೂ ನನಗದು ಬಗೆಹರಿದಿಲ್ಲ. ಅದಕ್ಕಿಂತ ಬಗೆಹರಿಯದ್ದು, ಫೋನ್ ಇಡುವ ಮುನ್ನ ಭಾವ ದನಿ ತಗ್ಗಿಸಿ ಕೇಳಿದ ಮಾತು:

“ಖರೇ ಹೇಳ್ರಿ ಮಾಸ್ತರ, ಮನಿ ಗುಡಿಸಿದವರು ಯಾರ್ರಿ?”