ಯೀಸ್ಟಿನ ಬಾಗಿಲು, ಮಾವನ ಗಾದಿ

ಯೀಸ್ಟ್ ಎಂಬ ಜೀವಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅದರ ಬುದ್ಧಿ ನೋಡಿ ಅಲ್ಲ, ಅದರ ದಾಕ್ಷಿಣ್ಯವಿಲ್ಲದ ಸ್ವಭಾವ ನೋಡಿ. ರಾಣೆಬೆನ್ನೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವ ನಾನು ಇದನ್ನು ಹುಡುಗರ ಮುಂದೆ ಒಪ್ಪಿಕೊಳ್ಳುವುದಿಲ್ಲ. ನಿಮ್ಮ ಮುಂದೆ ನಾಚಿಕೆ ಯಾಕೆ?

ಬರಿಗಣ್ಣಿಗೆ ಕಾಣದ ಈ ಒಂಟಿ ಕೋಶಕ್ಕೆ ಮೈಸುತ್ತ ಒಂದು ಪೊರೆ. ಆ ಪೊರೆಯಲ್ಲಿ ಕೆಲವು ಪ್ರೋಟೀನುಗಳು ಬಾಗಿಲಲ್ಲಿ ಕೂತು, ಹೊರಗಿನ ಆಹಾರವನ್ನು 'ಬರ್ರಿ, ಬರ್ರಿ' ಎಂದು ಒಳಗೆ ಕರೆದುಕೊಳ್ಳುತ್ತವೆ. ಆಹಾರ ಬೇಕಾದ್ದಕ್ಕಿಂತ ಹೆಚ್ಚು ಬರತೊಡಗಿತೋ, ಯೀಸ್ಟಿನ ವರಸೆ ಬದಲು. ಬಾಗಿಲಲ್ಲಿದ್ದವನ ಬೆನ್ನಿಗೊಂದು ಚೀಟಿ ಅಂಟಿಸಿ, ಪೊರೆಯ ಚೂರಿನ ಸಮೇತ ಒಳಗೆಳೆದುಕೊಳ್ಳುತ್ತದೆ. ಆಮೇಲೆ ಎರಡೇ ದಾರಿ. ಒಂದೋ ಕೋಶದ ಹೊಟ್ಟೆಯಂತಿರುವ ರಸದಾನಿಗೆ ಬಿದ್ದು ಪುಡಿಪುಡಿ. ಇಲ್ಲವೇ ಗರಜು ಬಿದ್ದಾಗ ಮತ್ತೆ ಬಾಗಿಲಿಗೆ.

ಬ್ಯಾಡಗಿಯ ನಮ್ಮ ಮನೆಯಲ್ಲೂ ಇದೇ ನಡೆಯಿತು. ಮೆಣಸಿನಕಾಯಿ ದಲಾಲಿ ಅಂಗಡಿಯ ಗಾದಿ ಮೊದಲಿನಿಂದಲೂ ನನ್ನ ಮಾವನದು. ಕುಪ್ಪೇಲೂರಿನ ರೈತ ಬಂದರೆ ಮೊದಲು ಚಹಾ, ಆಮೇಲೆ ಅವನ ಮಗಳ ಹೆರಿಗೆ, ಎತ್ತಿನ ಕಾಲುನೋವು, ಮೆಣಸಿನಕಾಯಿ ಕೊನೆಗೆ. ಈ ಸಲ ಸೀಜನ್ನಿನಲ್ಲಿ ಚೀಲಗಳು ಕರೆಯದೆಯೇ ಬಂದು ಬೀಳತೊಡಗಿದವು. ನನ್ನ ಗಂಡ ಹೇಳಿಯೇಬಿಟ್ಟ: "ಅಪ್ಪಾ, ನೀ ಮಾತಿಗೆ ಕುಂತ್ರ ಲಾರಿ ನಿಂತಬಿಡ್ತಾವ. ಮನ್ಯಾಗ ಆರಾಮ ಇರು."

ಆರಾಮ! ಆ ಮನುಷ್ಯ ಆರಾಮವಾಗಿರುವುದನ್ನು ನೋಡುವ ಕರ್ಮ ನನ್ನದಾಯಿತು. ಹಾಲಿನವನಿಗೆ "ಬರ್ರಿ, ಕುಂದ್ರಿ", ಸಿಲಿಂಡರಿನವನಿಗೆ "ಚಾ ಕುಡೀರಿ", ಒಮ್ಮೆ ಬೆಕ್ಕಿಗೂ ಉಪಚಾರ. ನಾನು ನಗುತ್ತಿದ್ದೆ. ಅವರು ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸತೊಡಗಿದ ಮೇಲೆ ನಗು ನಿಂತಿತು.

ಒಂದು ಸಂಜೆ ಮರುದಿನದ ಪಾಠಕ್ಕೆ ಯೀಸ್ಟಿನ ಚಿತ್ರ ಬರೆಯುತ್ತ, ಪಾಠವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಮಾವ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡರು.

"ಒಳಗ ಎಳಕೊಂಡದ್ದು ತಾನ ಹೊಳ್ಳಿ ಹೊರಗ ಬರತೈತೇನವಾ?"

"ಇಲ್ಲರಿ ಮಾವಾ. ಯಾರರ ಹಿಡದು ಕಳಸಬೇಕು."

"ಹಂಗಾರ ಅದರ ಹಣೇಬಾರಾನೂ ನನ್ನಂಗ ಐತಿ ಬಿಡು," ಎಂದರು.

ಗಂಡನ ಹತ್ತಿರ ಜಗಳಾಡಿದೆ. ಅವನು ಕೇಳುವ ಪೈಕಿಯೇ? ಅಷ್ಟರಲ್ಲಿ ಸೀಜನ್ನು ಇಳಿಯಿತು. ಚೀಲ ತಂದ ನಾಲ್ಕು ಮಂದಿಯೂ "ಯಜಮಾನ್ರು ಇಲ್ಲೇನ್ರಿ?" ಎಂದು ಬಾಗಿಲಲ್ಲೇ ಕೇಳಿ ಪಕ್ಕದ ಅಂಗಡಿಗೆ ನಡೆಯತೊಡಗಿದರು. ಒಂದು ಬೆಳಿಗ್ಗೆ ಗಂಡ ತಲೆ ಕೆರೆಯುತ್ತ ಅಪ್ಪನ ಮುಂದೆ ನಿಂತ. "ಅಪ್ಪಾ, ಅಂಗಡಿಗೆ ಬರ್ತೀಯೇನು?"

"ಇವತ್ತ ಬ್ಯಾಡಪಾ, ಮೈಯಾಗ ಹುಷಾರಿಲ್ಲ," ಎಂದರು ಮಾವ. ಬಾಯಿ ಹಾಗೆನ್ನುತ್ತಿದ್ದಾಗಲೇ ಕೈ ರುಮಾಲು ಸುತ್ತುತ್ತಿತ್ತು.

ಗಾದಿ ಏರಿದವರೇ ಮಗನನ್ನು ನೋಡಿ, "ನೀ ಮಾರಿ ಗಂಟ ಹಾಕ್ಕೊಂಡು ನಿಂತ್ರ ಮಂದಿ ಅಂಜತಾರ. ಒಂದೀಟು ದಿನ ಮನೀ ಕಡೆ ನೋಡು," ಎಂದರಂತೆ. ಈಗ ನನ್ನ ಗಂಡ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ, ಸಾರಿಗೆ ಉಪ್ಪು ಜಾಸ್ತಿಯಾಯಿತು ಎನ್ನುತ್ತಿದ್ದಾನೆ. ಇವನನ್ನು ಯೀಸ್ಟಿನ ಆ ಎರಡು ದಾರಿಗಳಲ್ಲಿ ಯಾವುದಕ್ಕೆ ಹಚ್ಚುವುದೆಂದು ನಾನಿನ್ನೂ ತೀರ್ಮಾನಿಸಿಲ್ಲ.