ಬೀಗದಪ್ಪನ ಕಂದು ಸೇಬು

ಊರವರ ಬೀಗ ರಿಪೇರಿ ಮಾಡುವ ಬೀಗದಪ್ಪ ತನ್ನ ಮನೆಯಲ್ಲಿ ಬೀಗ ಹಾಕುತ್ತಿದ್ದದ್ದು ಸೇಬಿಗೆ. ಬಂಗಾರಕ್ಕೆ ಹಾಕೋಣವೆಂದರೆ ಅದು ಇರಬೇಕಲ್ಲ! ಹಿತ್ತಲಿನ ಮುದಿಮರದ ಆ ಸೇಬೋ, ನೋಡಲು ಆಲೂಗಡ್ಡೆಯ ಅಣ್ಣ: ಕಂದು ಬಣ್ಣ, ಒರಟು ಸಿಪ್ಪೆ. ಕಿತ್ತ ದಿನವೇ ಕಚ್ಚಿದರೆ ಹುಳಿಗೆ ಹಲ್ಲು ಜುಮ್ಮೆನ್ನುತ್ತದೆ. ಒಣಹುಲ್ಲಿನಲ್ಲಿ ಎರಡು ತಿಂಗಳು ಮುಚ್ಚಿಟ್ಟರೆ ಜೇನಾಗುತ್ತದೆ, ಚಳಿಗಾಲ ಕಳೆದರೂ ಉಳಿಯುತ್ತದೆ. ಹಾಗಂತ ಅವನ ಅಪ್ಪ ಹೇಳಿದ್ದ. ಅಪ್ಪ ಹೇಳಿದನೆಂದರೆ ಮುಗಿಯಿತು, ವೇದವಾಕ್ಯ.

ಅಪ್ಪ ಇನ್ನೊಂದು ಮಾತೂ ಹೇಳಿದ್ದ: ಕೆಡುತ್ತಿರೋದನ್ನ ಮೊದಲು ತಿನ್ನು, ಚೆನ್ನಾಗಿರೋದು ಇನ್ನೂ ಇರುತ್ತೆ. ಸರಿ, ನಮ್ಮ ಮಹಾಶಯ ದಿನಾ ಬೆಳಿಗ್ಗೆ ಕೋಣೆಯ ಬೀಗ ತೆಗೆದು, ಹಣ್ಣುಗಳನ್ನು ಮೂಸಿ ಮೂಸಿ, ಕಲೆ ಬಿದ್ದದ್ದನ್ನೇ ಆರಿಸಿ ತನಗೊಂದು, ಹೊಲಿಗೆ ಯಂತ್ರದ ಮುಂದೆ ಕೂತ ಹೆಂಡತಿಗೊಂದು ತರುತ್ತಿದ್ದ. ಅದು ಮುಗಿಯುವಷ್ಟರಲ್ಲಿ ಮತ್ತೆರಡಕ್ಕೆ ಕಲೆ ಬಿದ್ದಿರುತ್ತಿತ್ತು. ಮದುವೆಯಾದಾಗಿನಿಂದ ಆ ಪುಣ್ಯಾತ್ಗಿತ್ತಿ ತಿಂದದ್ದೆಲ್ಲ ಕೊಳೆತದ್ದೇ. "ಈ ದರಿದ್ರ ಮರ ಯಾವಾಗ ಬೀಳುತ್ತೋ!" ಎಂದು ಶಪಿಸುತ್ತಲೇ ಹೊಲಿಯುತ್ತಿದ್ದಳು.

ಮರ ನಿಜಕ್ಕೂ ಬೀಳುವುದರಲ್ಲಿತ್ತು, ಕಾಂಡವೆಲ್ಲ ಟೊಳ್ಳು. ಆ ತಳಿಯ ಮರ ಬೇರೆಲ್ಲೂ ಇರಲಿಲ್ಲ, ಬಿದ್ದರೆ ವಂಶವೇ ನಿರ್ವಂಶ. ಬೀಗದಪ್ಪ ತಾನೇ ಕಸಿ ಕಟ್ಟಲು ಹೋಗಿ ಮೂರು ಗಿಡಗಳನ್ನು ಸ್ವರ್ಗಕ್ಕೆ ಕಳಿಸಿದ್ದ. ಕೊನೆಗೆ ನರ್ಸರಿಯವನ ಕೈಕಾಲು ಹಿಡಿದ. "ಮೊದಲು ರುಚಿ ನೋಡ್ತೀನಿ. ಹಿಡಿಸಿದ್ರೆ ಕಸಿಗೆ ಕಡ್ಡಿ ಒಯ್ತೀನಿ" ಎಂದು ಅವನು ಬಂದ.

ಬೀಗದಪ್ಪ ಕೋಣೆಗೆ ಓಡಿದ. ಹುಲ್ಲಿನ ಮೇಲೆ ಸಾಲುಸಾಲು ಮಾಗಿದ ಹಣ್ಣು. ಆದರೆ ಕೈ ಮಾತು ಕೇಳಬೇಕಲ್ಲ? ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಹಾಗೆ, ಅಭ್ಯಾಸಬಲದಲ್ಲಿ ಕಲೆ ಬಿದ್ದದ್ದನ್ನೇ ಹುಡುಕಿ ತಂದು ಕೊಟ್ಟ. ನರ್ಸರಿಯವನು ಕಚ್ಚಿದ, ಮುಖ ಕಿವುಚಿದ, ಕಿಟಕಿಯಾಚೆ ಉಗಿದ.

"ಬರ್ತೀನಿ ಯಜಮಾನ್ರೇ" ಎಂದು ಚೀಲ ಎತ್ತಿಕೊಂಡ.

ಹೆಂಡತಿಗೆ ಎಲ್ಲಿತ್ತೋ ಸಿಟ್ಟು, ತೆರೆದಿದ್ದ ಕೋಣೆಗೆ ನುಗ್ಗಿ ಎರಡು ಒಳ್ಳೆಯ ಹಣ್ಣು ತಂದಳು. "ನಿಲ್ಲಿ ಸಾರ್, ಇವರ ಹಣೆಬರಹವೇ ಇಷ್ಟು. ಇದನ್ನ ತಿನ್ನಿ." ಒಂದನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ತಾನೇ ಕಚ್ಚಿದಳು.

ನರ್ಸರಿಯವನು ಅರ್ಧ ಹಣ್ಣು ಮುಗಿಸಿ ಚೀಲದಿಂದ ಚಾಕು ತೆಗೆದ. "ಮರ ಎಲ್ಲಿದೆ?" ಎಂದು ಕೇಳಿ ಹಿತ್ತಲಿಗೆ ನಡೆದ.

ಬೀಗದಪ್ಪನಿಗೆ ಹೋದ ಜೀವ ಬಂತು. "ತಳಿ ಉಳೀತು ಕಣೇ!"

ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಇಷ್ಟು ಸಿಹಿ ಇತ್ತಾ ಇದು? ಮನೇಲೇ ಇಟ್ಕೊಂಡು ನನಗೆ ಒಂದು ದಿನಾನೂ ಕೊಡ್ಲಿಲ್ವಲ್ರೀ. ನೀವಾದ್ರೂ ತಿಂದಿದ್ರಾ?"

ಬೀಗದಪ್ಪ ತಲೆ ತಗ್ಗಿಸಿದ.

"ಇಲ್ಲ ಕಣೇ. ಹೇಗಿದೆ?"