ಬ್ಯಾಟರಿ ಇಲ್ಲದ ಫೋನು

ಯಂತ್ರಕ್ಕೂ ಮುನಿಸು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಅವರ ಮುಖದ ಮೇಲೆಯೇ ನಗುತ್ತಿದ್ದೆ. ದೆವ್ವ, ಮಾಟ, ದೃಷ್ಟಿ ಯಾವುದನ್ನೂ ನಂಬಿದವಳಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ, ಆದರೆ ನಗುವುದನ್ನು ಬಿಟ್ಟಿದ್ದೇನೆ. ನಿಮಗೆ ನಗು ಬಂದರೆ ನಗಿ, ನನಗೇನೂ ಬೇಜಾರಿಲ್ಲ.

ನೋಟು ಬ್ಯಾನ್ ಆದ ವರ್ಷ. ಜಕ್ಕೂರಿನಲ್ಲಿ ನಮ್ಮ ಆಫೀಸು. ವಿಮಾನ ಹಾರಿಸಲು ಕಲಿಯುವವರು ತಲೆಯ ಮೇಲೆ ಗುರ್ರೆನ್ನುತ್ತಿದ್ದರೆ ಮಾತೇ ಕೇಳಿಸುತ್ತಿರಲಿಲ್ಲ. ಆಂಬುಲೆನ್ಸ್ ಕರೆಯುವ ಒಂದು ಆಪ್ ಮಾಡುತ್ತಿದ್ದೆವು. ಎಲ್ಲರೂ ಬರೆದ ಕೋಡನ್ನು ಒಟ್ಟುಗೂಡಿಸಿ ಆಪ್ ತಯಾರಿಸುವ ಬಿಲ್ಡ್ ಮಷಿನ್ ನನ್ನ ಪಾಲಿನದು. ತಯಾರಾದ ಆಪ್ ಮೇಜಿನ ಮೇಲೆ ಸಾಲಾಗಿಟ್ಟ ಫೋನುಗಳಿಗೆ ತಾನಾಗಿ ಹೋಗಿ, ಎಷ್ಟು ಬೇಗ ತೆರೆಯುತ್ತದೆ ಎಂದು ಅಳೆಯುವಂತೆ ನಾನೇ ಹೊಂದಿಸಿದ್ದೆ. ಒಂದೇ ಒಂದು ಫೋನಿನಲ್ಲಿ ತಡವಾದರೂ ಮಷಿನ್ನಿನ ಪರದೆ ಕೆಂಪಾಗುತ್ತದೆ, ಆಪ್ ಹೊರಗೆ ಜನರಿಗೆ ಹೋಗುವುದಿಲ್ಲ.

ಆ ಸಾಲಿನ ಕೊನೆಯಲ್ಲಿ ನಮ್ಮಮ್ಮ ಬಳಸಿ ಬಿಟ್ಟಿದ್ದ ಅಗ್ಗದ ಫೋನ್ ಇತ್ತು. ಪ್ರತಿ ಸಲ ಕೆಂಪು ಮಾಡುತ್ತಿದ್ದದ್ದು ಅದೇ. ನಮ್ಮ ಮ್ಯಾನೇಜರ್ ಪ್ರಕಾಶ್‌ಗೆ ಅದನ್ನು ಕಂಡರೆ ಮೈಯೆಲ್ಲ ಉರಿ, ನನ್ನನ್ನು ಕಂಡರೆ ಇನ್ನೂ ಹೆಚ್ಚು.

“ನಿಮ್ಮಮ್ಮನ ಡಬ್ಬಾ ಫೋನಿಗೋಸ್ಕರ ರಿಲೀಸ್ ನಿಲ್ಬೇಕೇನ್ರೀ?” ಎಂದು ಎಲ್ಲರೆದುರೇ ಕೂಗಾಡಿದರು.

“ಹುಣಸಮಾರನಹಳ್ಳೀಲಿ ನಮ್ಮ ಚಿಕ್ಕಪ್ಪನ ಹತ್ರ ಇರೋದೂ ಇಂಥದ್ದೇ ಸಾರ್. ಅವ್ರಿಗೂ ಎದೆನೋವು ಬರುತ್ತೆ,” ಎಂದೆ. ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ.

ಆಯುಧ ಪೂಜೆಗೆ ರಜೆ, ಹಾಗಾಗಿ ಹಿಂದಿನ ಶುಕ್ರವಾರವೇ ಆಫೀಸಿನಲ್ಲಿ ಪೂಜೆ ಆಯಿತು. ಕಂಪ್ಯೂಟರುಗಳಿಗೂ ಫೋನುಗಳಿಗೂ ಕುಂಕುಮ, ಸೇವಂತಿಗೆ, ಬಾಗಿಲಲ್ಲಿ ಬೂದುಗುಂಬಳ. ಪೂಜೆಯಾದ ಮೇಲೆ ಹಬ್ಬ ಕಳೆಯುವ ತನಕ ಯಾರೂ ಮಷಿನ್ ಮುಟ್ಟುತ್ತಿರಲಿಲ್ಲ. ಎಲ್ಲರೂ ಕಡಲೆಪುರಿ ತಿನ್ನುತ್ತಾ ನಿಂತಿದ್ದಾಗ ಪ್ರಕಾಶ್ ಬಂದು, ಆಪ್ ಈಗಲೇ ಹೋಗಬೇಕು ಎಂದರು. ಹಬ್ಬಕ್ಕೆಂದು ಅದರ ಮೊದಲ ಪರದೆಗೆ ಮಾವಿನ ತೋರಣದ ದೊಡ್ಡ ಚಿತ್ರ ಬೇರೆ ಅವತ್ತೇ ಸೇರಿಸಿದ್ದರು. ಆಂಬುಲೆನ್ಸ್ ಕರೆಯುವವರಿಗೆ ತೋರಣ ಯಾಕೆ ಸ್ವಾಮಿ?

ಪರೀಕ್ಷೆಯ ಪಟ್ಟಿಯಿಂದ ಅಮ್ಮನ ಫೋನಿನ ಹೆಸರನ್ನು ಅವರೇ ಅಳಿಸಿ ಹಾಕಿದರು. ಅಷ್ಟಕ್ಕೂ ಸಮಾಧಾನವಾಗದೆ ಕೇಬಲ್ ಕಿತ್ತರು, ಬ್ಯಾಟರಿ ತೆಗೆದು ತಮ್ಮ ಡ್ರಾಯರಿಗೆಸೆದು ಬೀಗ ಹಾಕಿದರು.

“ಈಗ ಬಿಲ್ಡ್ ಮಾಡಿ. ಕೆಂಪು ಬಂತೋ, ಹಬ್ಬ ಮುಗಿಸ್ಕೊಂಡು ಮನೇಲೇ ಇದ್ಬಿಡಿ.”

ಅಪ್ಪ ಇಲ್ಲದ ಮನೆ, ನನ್ನ ಸಂಬಳದಲ್ಲೇ ನಡೆಯುತ್ತಿತ್ತು. ಹಲ್ಲು ಕಚ್ಚಿಕೊಂಡು ಶುರು ಮಾಡಿದೆ.

ಪರದೆ ಕೆಂಪಾಯಿತು. ಉಳಿದ ಫೋನುಗಳೆಲ್ಲ ಪಾಸು. ಕೊನೆಯ ಸಾಲಿನಲ್ಲಿ ಅಮ್ಮನ ಫೋನಿನ ಹೆಸರು, ಅದರ ಮುಂದೆ ‘ತೆರೆಯಲಿಲ್ಲ’.

ಪಕ್ಕದಲ್ಲಿದ್ದ ಟೆಸ್ಟರ್ ಇಮ್ರಾನ್ ಫೋನನ್ನು ತಿರುಗಿಸಿ ನೋಡಿದ. “ಹಿಂದ್ಗಡೆ ಖಾಲಿ ಇದೆ ಕಣ್ರೀ,” ಎಂದ. ಹಳೆಯ ಫಲಿತಾಂಶ ಉಳಿದುಕೊಂಡಿರಬೇಕೆಂದು ಎಲ್ಲವನ್ನೂ ಅಳಿಸಿ ಮತ್ತೆ ಮಾಡಿದೆ. ಮತ್ತೆ ಕೆಂಪು, ಮತ್ತೆ ಅದೇ ಹೆಸರು. ಆಪ್ ತೆರೆಯಲೆಂದು ಮಷಿನ್ ಕಾದ ಹೊತ್ತು ಮಾತ್ರ ಮೊದಲಿಗಿಂತ ಜಾಸ್ತಿ.

“ನೀನೇ ಏನೋ ಮಾಡಿದ್ದೀಯ,” ಎಂದರು ಪ್ರಕಾಶ್. ಅಲ್ಲಿಯವರೆಗೆ ಒಮ್ಮೆಯೂ ನನ್ನನ್ನು ಏಕವಚನದಲ್ಲಿ ಕರೆದವರಲ್ಲ. ಬ್ಯಾಟರಿಯನ್ನು ಎಲ್ಲರಿಗೂ ತೋರಿಸುತ್ತೇನೆಂದು ಬೀಗ ತೆಗೆದು ಕೈಹಾಕಿದವರು ‘ಹಾ’ ಎಂದು ಕೈಬಿಟ್ಟರು. ಇಮ್ರಾನ್ ಎತ್ತಿಕೊಟ್ಟ, ನಾನೂ ಮುಟ್ಟಿದೆ. ಗಂಟೆಗಟ್ಟಲೆ ಮಾತಾಡಿದ ಫೋನಿನಷ್ಟು ಬಿಸಿ ಇತ್ತು.

ಇಷ್ಟು ದಿನ ಜೊತೆಗೆ ಊಟ ಮಾಡಿದವರು ನನ್ನನ್ನು ಮಾಟಗಾತಿಯ ಹಾಗೆ ನೋಡಿದರು. ಪ್ರಕಾಶ್ ಪರೀಕ್ಷೆಯನ್ನೇ ಪೂರ್ತಿ ತೆಗೆದು ಆಪನ್ನು ಹೊರಗೆ ಕಳಿಸಿದರು. ನನ್ನ ಕೊರಳಿನ ಐಡಿ ಕಾರ್ಡನ್ನೂ ಇಸಿದುಕೊಂಡರು. ಫೋನು, ಬ್ಯಾಟರಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸಿಟ್ಟಿನಿಂದ ಅಳು ಬರುತ್ತಿತ್ತು.

ದಾಸರಹಳ್ಳಿಯ ಮನೆಯಲ್ಲಿ, ಅಮ್ಮನ ಎದುರೇ, ಬ್ಯಾಟರಿ ಹಾಕಿ ಬಟನ್ ಒತ್ತಿದೆ. ಆಪ್ ತಾನಾಗಿ ಎದ್ದಿತು. ಪರದೆಯ ಮೇಲೆ ಮಾವಿನ ತೋರಣ. ಬ್ಯಾಟರಿ ಡ್ರಾಯರಿನಲ್ಲಿದ್ದಾಗ ತಯಾರಾದ ಆಪ್ ಅದು. ಈ ಫೋನಿಗೆ ಬರಲು ದಾರಿಯೇ ಇರಲಿಲ್ಲ. ತೋರಣದ ಕೆಳಗೆ, ಆಪ್ ತೆರೆಯುವ ತನಕ ತಿರುಗುವ ಚಕ್ರ ಸುತ್ತುತ್ತಲೇ ಇತ್ತು.

ಇದು ಹೇಗಾಯಿತೆಂದು ಎಷ್ಟೋ ಜಾಣರನ್ನು ಕೇಳಿದ್ದೇನೆ. ಅವರು ಹೇಳುವ ಯಾವ ಕಾರಣವೂ ಆ ಬಿಸಿಗೆ, ಆ ತೋರಣಕ್ಕೆ ಹೊಂದುವುದಿಲ್ಲ. ನನಗೂ ಗೊತ್ತಿಲ್ಲ. ಅವತ್ತು ಅಮ್ಮ ಕನ್ನಡಕ ಸರಿಮಾಡಿಕೊಂಡು ಆ ಚಕ್ರವನ್ನೇ ನೋಡುತ್ತಾ, “ಇದ್ಯಾಕೆ ಇನ್ನೂ ಸುತ್ತುತ್ತಾ ಇದೆ? ಅಷ್ಟೊತ್ತಿಗೆ ಜನ ಬದುಕಿರ್ತಾರೇನೇ?” ಎಂದು ಕೇಳಿದರು. ಆಪ್ ಆಗಲೇ ಹೊರಗೆ ಹೋಗಿಯಾಗಿತ್ತು.